ಲೂಯಿಸನ ಪಕ್ಷ

ಜೋ ಲೂಯಿಸನೂ ಮಹಮ್ಮದ್ ಅಲಿಯೂ ತಂತಮ್ಮ ಏರುಕಾಲದಲ್ಲಿ ಎದುರುಬದುರಾಗಿದ್ದರೆ ಗೆಲ್ಲುತ್ತಿದ್ದವರು ಯಾರು ಎಂಬ ಪ್ರಶ್ನೆ ಶಿರಸಿ ಪೇಟೆಯಲ್ಲಿ ಇಬ್ಬರನ್ನು ಬಿಟ್ಟು ಮೂರನೆಯವರ ನಿದ್ದೆಯನ್ನು ಕೆಡಿಸಿದ್ದಿಲ್ಲ. ಆ ಇಬ್ಬರಲ್ಲಿ ಕಿರಾಣಿ ಅಂಗಡಿಯ ಅಂದಾನಪ್ಪ ಕಳೆದ ಕಾರ್ತಿಕದಲ್ಲಿ ತೀರಿಕೊಂಡ. ಉಳಿದವನು ರಸೂಲ್.

ಲೂಯಿಸ್ ಹೆವಿವೇಟ್ ಬಾಕ್ಸಿಂಗಿನ ಪಟ್ಟವನ್ನು ಎರಡನೆಯ ಮಹಾಯುದ್ಧಕ್ಕೂ ಮೊದಲೇ ಗೆದ್ದು, ಯುದ್ಧ ಮುಗಿದ ಮೇಲೂ ಉಳಿಸಿಕೊಂಡವನು. ಅಲಿ ಆ ಪಟ್ಟಕ್ಕೆ ಬಂದದ್ದು ಅರುವತ್ತರ ದಶಕದಲ್ಲಿ. ಲೂಯಿಸ್ ಕೊನೆಯ ಸಲ ಕೈಗವಸು ಬಿಚ್ಚಿದಾಗ ಅಲಿ ಇನ್ನೂ ಶಾಲೆಗೆ ಹೋಗುವ ಹುಡುಗ. ಹೀಗೆ ಕಾಲವೇ ನಡುವೆ ಅಡ್ಡ ನಿಂತು ತಪ್ಪಿಸಿದ ಕಾಳಗವೊಂದನ್ನು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ನಡೆಸಿದ ಪುಣ್ಯ ಇವರಿಬ್ಬರದು.

ಮೊದಲಾದದ್ದು ಬೆಲ್ಲದಿಂದ. ರಸೂಲ್ ಆಗ ಹರೆಯದ ಲಾರಿ ಚಾಲಕ. ಶಿರಸಿಯ ಅಡಿಕೆ ಮೂಟೆಗಳನ್ನು ಮುಂಬಯಿಗೆ ಮುಟ್ಟಿಸುವುದು ಅವನ ಕಸುಬು. ಮುಂಬಯಿಯಲ್ಲಿ ಲೋಡು ಸಿಗುವತನಕ ನಾಗಪಾಡಾದ ಸೋದರತ್ತೆಯ ಮನೆಯಲ್ಲಿ ಉಳಿಯುತ್ತಿದ್ದವನು, ಅಲ್ಲಿಯ ಹುಡುಗರು ಸಂಜೆ ಹೊತ್ತು ಮಾಡುತ್ತಿದ್ದ ಬಾಕ್ಸಿಂಗಿನ ಅಭ್ಯಾಸವನ್ನು ನೋಡಿ ನೋಡಿ ಆ ಆಟದ ಮರುಳನಾಗಿದ್ದ. ಒಂದು ಸಲ ಊರಿಗೆ ಬಂದಾಗ ಬೆಲ್ಲ ಕಟ್ಟಿ ಕೊಟ್ಟಿದ್ದ ಹಾಳೆಯನ್ನು ಬಿಚ್ಚಿದರೆ ಒಳಗೆ ಲೂಯಿಸನ ಚಿತ್ರ! ರದ್ದಿಯಲ್ಲಿ ಬಂದ ಯಾವುದೋ ಇಂಗ್ಲಿಷ್ ಕ್ರೀಡಾ ವಾರಪತ್ರಿಕೆಯ ಹಾಳೆ ಅದು. ಅಲಿ ಮತ್ತು ಲೂಯಿಸ್ ಕಾದಿದ್ದರೆ ಏನಾಗುತ್ತಿತ್ತು ಎಂಬುದೇ ಅದರ ವಿಷಯ. ಇಂಗ್ಲಿಷ್ ಓದಬಲ್ಲ ನೆರೆಯವರಿಂದ ಅಕ್ಷರ ಬಿಡದೆ ಓದಿಸಿಕೊಂಡ. ಲೂಯಿಸನ ಬಲವನ್ನೆಲ್ಲ ವರ್ಣಿಸಿ, ಅಲಿಯ ಕಡೆಗೆ ಹೊರಳುವ ಹೊತ್ತಿಗೆ ಹಾಳೆ ಹರಿದಿತ್ತು. ರಸೂಲ್ ಬೆಲ್ಲವನ್ನು ಡಬ್ಬಿಗೆ ಸುರಿದು, ಹಾಳೆ ಹಿಡಿದುಕೊಂಡೇ ಅಂಗಡಿಗೆ ಓಡಿದ.

"ಸಾವ್ಕಾರ್ರೆ, ಈ ಕಾಗದದ ಇನ್ನರ್ಧ ಎಲ್ಲಿ?"

"ಬೆಲ್ಲ ಬಿಟ್ಟು ಕಾಗದ ತಿನ್ನಾಕ ಹತ್ತೀ ಏನೋ?" ಎಂದ ಅಂದಾನಪ್ಪ. ಬನವಾಸಿಯ ಕಡೆಯಿಂದ ಬಂದು ಶಿರಸಿಯಲ್ಲಿ ಅಂಗಡಿ ಹೂಡಿದವನಾದ್ದರಿಂದ ಅವನ ಮಾತಿನಲ್ಲಿ ಬಯಲುಸೀಮೆಯ ಗತ್ತು ಮಾಸಿರಲಿಲ್ಲ. "ಇನ್ನರ್ಧದಾಗ ಹುಣಸಿಹಣ್ಣು ಕಟ್ಟೇನಿ. ಭೈರುಂಬೆಯವರು ಯಾರೋ ಒಯ್ದ್ರು. ಇಷ್ಟೊತ್ತಿಗೆ ಒಲಿ ಸೇರಿರ್ತದ."

"ಅರೆ, ಹಾಗಾದ್ರೆ ಗೆದ್ದದ್ದು ಯಾರು?"

"ಅದನ್ನ ಹೇಳಾಕ ಪೇಪರ್ ಯಾಕ ಬೇಕೋ? ಅಲಿ ಸುದ್ದಿ ನಾ ರೇಡಿಯೋದಾಗ ಭಾಳ ಕೇಳೇನಿ. ಅಲಿ ಗೆಲ್ತಾನ."

"ಹೆಂಗೆ?"

"ಕುಂದ್ರು, ಹೇಳ್ತೇನಿ."

ಆ ಮಾತಿಗೆ ಕಟ್ಟೆಯ ಮೇಲೆ ಕುಳಿತ ರಸೂಲ್ ನಾಲ್ಕು ದಶಕ ಕಳೆದರೂ ಎದ್ದಿರಲಿಲ್ಲ ಎಂದರೆ ಅತಿಶಯೋಕ್ತಿಯಾಗದು. ಲಾರಿ ಹೊಡೆಯುತ್ತಿದ್ದಷ್ಟು ಕಾಲ ಊರಿಗೆ ಬಂದ ಸಂಜೆಗಳಲ್ಲಿ, ಲಾರಿಯನ್ನು ಮಗ ಆತಿಫನಿಗೆ ಒಪ್ಪಿಸಿದ ಮೇಲೆ ದಿನದಿನವೂ, ಅವನು ಅಲ್ಲಿ ಹಾಜರಾದ.

ಕೇಳಿದವರಿಗೆಲ್ಲ ಒಂದು ಸೋಜಿಗವಿತ್ತು. ಅಲಿಯ ಪಕ್ಷ ಅಂದಾನಪ್ಪನದು, ಲೂಯಿಸನ ಪಕ್ಷ ರಸೂಲನದು! "ಅದೆಂತ ಮಾರಾಯ, ಅದಲು ಬದಲಾಗಿ ಹೋಯ್ತಲ್ಲ" ಎಂದು ಎಣ್ಣೆಗೆ ಬಂದ ಗಿರಾಕಿಗಳು ಚೇಷ್ಟೆ ಮಾಡುವರು. ರಸೂಲ್ ಅದಕ್ಕೆ ಕೊಡುತ್ತಿದ್ದ ಉತ್ತರ ಒಂದೇ: "ಅಲಿಗೆ ಬಾಯಿ ಅದೆ. ದುನಿಯಾ ಎಲ್ಲ ಅವನ ಕಡೆ ಅದೆ. ಲೂಯಿಸ್ ಪಾಪ ಮಾತೇ ಆಡೋನಲ್ಲ. ಅವನ ಪರವಾಗಿ ಒಬ್ಬನಾದ್ರೂ ಮಾತಾಡ್ಬೇಕಲ್ಲ?" ಹೇಳುವವನೂ ಅಂಥ ಮಾತುಗಾರನಲ್ಲವೆಂಬುದು ಕೇಳುವವರಿಗೆ ತಿಳಿದಿತ್ತು. ಮನೆಯಲ್ಲಿ ಹೆಂಡತಿ ಜೊಹರಾ ಹತ್ತು ಮಾತಾಡಿದರೆ ಅವನದು ಒಂದು 'ಹ್ಞೂಂ'. ಲೂಯಿಸನಾಗಿ ಕುಳಿತಾಗ ಮಾತ್ರ ಆ ನಾಲಿಗೆಗೆ ಜೀವ ಬರುತ್ತಿತ್ತು.

ಹೌದು, ಅವರು ಲೂಯಿಸನೂ ಅಲಿಯೂ ಆಗಿಯೇ ಕೂರುತ್ತಿದ್ದರು. ಶಿರಸಿ, ಸಿದ್ದಾಪುರ, ಯಲ್ಲಾಪುರದ ನೆಲದಲ್ಲಿ ತಾಳಮದ್ದಳೆಯ ಗಾಳಿ ಕುಡಿಯದೆ ಬೆಳೆದವರು ಅಪರೂಪ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹಾಡುತ್ತಾರೆ, ಅರ್ಥಧಾರಿಗಳು ಕುಳಿತಲ್ಲೇ ಪುರಾಣದ ವೀರರಾಗಿ ಒಬ್ಬರನ್ನೊಬ್ಬರು ಮಾತಿನಲ್ಲಿ ಇರಿಯುತ್ತಾರೆ. ಅಂದಾನಪ್ಪನಿಗೆ ಅದರ ಹುಚ್ಚು ಹತ್ತಿದ್ದು ಈ ಊರಿಗೆ ಬಂದ ಮೇಲೆ. ಹೊಸದಾಗಿ ಹತ್ತಿದ ಹುಚ್ಚಿನ ಬಿಸಿಯೇ ಬೇರೆ. ಆದುದರಿಂದ ಅವನ ಅಂಗಡಿಯಲ್ಲಿ 'ಅಲಿ ಹೀಗೆ ಮಾಡುತ್ತಿದ್ದ' ಎಂಬ ಮಾತು ನಡೆಯುತ್ತಿರಲಿಲ್ಲ. 'ನಾನು' ಎಂದೇ ಹೇಳಬೇಕು.

"ಎಲವೋ ಲೂಯಿಸ, ನಿನ್ನ ಕಾಲು ನೆಲದಾಗ ಬೇರು ಬಿಟ್ಟಾವು. ನಾ ಗಾಳಿ ಇದ್ದಂಗ. ಗಾಳಿಗೆ ಗುದ್ದಿದವರು ಯಾರದಾರ?"

"ಗಾಳಿಯೂ ಒಂದಲ್ಲ ಒಂದು ಗೋಡೆಗೆ ಬಂದು ಬಡೀತದೆ ಅಲಿ. ನಾನು ಗೋಡೆ. ನನಗೆ ಅವಸರ ಇಲ್ಲ."

"ಸಕ್ಕರಿ ಒಂದು ಕಿಲೋ ಕೊಡೂದಾ ಇಲ್ಲಾ ನೀವು ಗುದ್ದಾಡಿ ಮುಗಿಸೂ ತನಕ ನಿಲ್ಲೂದಾ?" ಎಂದು ಗಿರಾಕಿ ಕೇಳಿದರೆ, "ರೌಂಡ್ ಮುಗೀಲಿ ತಾಯಿ, ಗಂಟಿ ಹೊಡೀಲಿ" ಎಂದು ಅಂದಾನಪ್ಪ ತಕ್ಕಡಿಗೆ ತೂಕದ ಕಲ್ಲಿನಿಂದ ಟಣ್ಣೆಂದು ಬಡಿಯುವನು.

ಕಟ್ಟುಪಾಡುಗಳೂ ಇದ್ದವು. ಇಬ್ಬರೂ ತಮ್ಮ ಅತ್ಯುತ್ತಮ ದಿನಗಳವರಾಗಿರಬೇಕು. ಮುಪ್ಪಿನಲ್ಲಿ ಯಾರಿಗೆ ಯಾವ ಗತಿ ಬಂತೆಂಬುದನ್ನು ಎತ್ತಿ ಹೀಯಾಳಿಸಕೂಡದು. ನಡೆದದ್ದನ್ನು ಹೇಳಬೇಕೇ ಹೊರತು ನಡೆಯದ್ದನ್ನು ನಡೆಯಿತೆಂದು ಹೇಳಬಾರದು. ಇವುಗಳಿಗಿಂತ ಹಿರಿದಾದ, ಬಾಯಿಬಿಟ್ಟು ಎಂದೂ ಆಡದ ಕಟ್ಟಳೆಯೊಂದಿತ್ತು: ತೀರ್ಪು ಕೊಡಬಾರದು. ಪುರಾಣದ ಪ್ರಸಂಗದಲ್ಲಿ ಸೋಲಬೇಕಾದವನು ಎಷ್ಟೇ ಚೆನ್ನಾಗಿ ಮಾತಾಡಿದರೂ ಕೊನೆಗೆ ಸೋಲಲೇಬೇಕು. ಇಲ್ಲಿ ಹಾಗಲ್ಲ. ಒಂದು ದಿನ ಲೂಯಿಸನ ಮಾತು ಮೇಲಾಗುವುದು, ಮರುದಿನ ಅಲಿಯದು. ಅಂಗಡಿಯ ಬಾಗಿಲು ಎಳೆಯುವಾಗ ಅಂದಾನಪ್ಪ, "ನಾಳಿ ನೋಡೂಣು" ಎನ್ನುವನು. ಆ ನಾಳೆ ಒಂದು ಬೆಳಗ್ಗೆ ಬರಲಿಲ್ಲ. ಸ್ನಾನದ ಮನೆಯಲ್ಲಿ ಕುಸಿದವನನ್ನು ಆಸ್ಪತ್ರೆಗೆ ಒಯ್ಯುವ ಮೊದಲೇ ಎಲ್ಲ ಮುಗಿದಿತ್ತು.

ಸತ್ತವನ ಮನೆಯವರಿಗೆ ಮಾಡಬೇಕಾದ ವಿಧಿಗಳಿರುತ್ತವೆ; ಬಂದವರನ್ನು ಕೂರಿಸುವುದು, ಉಣಬಡಿಸುವುದು, ಅಳುವುದು. ಗೆಳೆಯನಾದವನಿಗೆ ಯಾವ ವಿಧಿಯೂ ಇಲ್ಲ. ರಸೂಲ್ ಮಣ್ಣಿಗೆ ಹೋಗಿ ಬಂದ. ಮೂರನೆಯ ದಿನ ಅಂಗಡಿಯ ತನಕ ನಡೆದು, ಮುಚ್ಚಿದ ಬಾಗಿಲನ್ನು ನೋಡಿ ಹಿಂದಿರುಗಿದ. ಆದರೆ ಹಿಂದಿರುಗುವ ದಾರಿಯಲ್ಲಿ, ಮೀನುಪೇಟೆಯ ತಿರುವಿನಲ್ಲಿ, ಅವನ ತಲೆಯೊಳಗೆ ಸ್ಪಷ್ಟವಾಗಿ ಒಂದು ಧ್ವನಿ ಕೇಳಿಸಿತು: "ಎಲವೋ ಲೂಯಿಸ, ಎಡಗೈ ಯಾಕ ಇಳಿಸಿದಿ?"

ರಸೂಲ್ ನಡುಬೀದಿಯಲ್ಲೇ ನಿಂತ. ನಿಂತವನು ಮನಸ್ಸಿನಲ್ಲೇ ಉತ್ತರ ಕೊಟ್ಟ. ಅದಕ್ಕೆ ಪ್ರತ್ಯುತ್ತರವೂ ಬಂತು, ಅದೇ ಬಯಲುಸೀಮೆಯ ಗತ್ತಿನಲ್ಲಿ, ಅದೇ ಕೆಣಕಿನಲ್ಲಿ. ಅಂದಿನಿಂದ ಆ ಕಾಳಗ ಒಳಗೊಳಗೇ ಮುಂದುವರಿಯಿತು. ಗಡ್ಡ ಹೆರೆದುಕೊಳ್ಳುವಾಗ, ಸಂತೆಯಿಂದ ತರಕಾರಿ ತರುವಾಗ, ನಮಾಜು ಮುಗಿಸಿ ಚಪ್ಪಲಿ ಮೆಟ್ಟುವಾಗ ಅಂದಾನಪ್ಪ ಬಂದು ಕೆಣಕುವನು. ರಸೂಲನ ತುಟಿಗಳು ಅಲುಗುತ್ತಿದ್ದುದನ್ನು ಜೊಹರಾ ಕಂಡಿದ್ದಳು.

"ತೀರಿಹೋದವರ ಹತ್ತಿರ ಎಂತಾ ವಾದ ನಿಮ್ಮದು? ಜೀವಂತ ಇರುವ ನನ್ನ ಹತ್ತಿರ ನಾಲ್ಕು ಮಾತಾಡಿದರೆ ನಾಲಿಗೆ ಸವೆಯುತ್ತದಾ?"

"ನೀನು ಅಲಿಯ ಪಕ್ಷ ಹಿಡಿ, ಮಾತಾಡ್ತೇನೆ."

"ಇಲ್ಲಪ್ಪ. ನಾನು ಹಿಡಿದರೆ ನೀವು ಮೊದಲನೇ ಗುದ್ದಿಗೇ ಮಲಗುತ್ತೀರಿ" ಎಂದು ಅವಳು ನಗುತ್ತ ಒಳಗೆ ಹೋಗುವಳು. ರಸೂಲನೂ ನಗುವನು. ನಕ್ಕು ಮುಗಿದ ಮೇಲೆ ಮನೆ ಮೊದಲಿಗಿಂತ ಹೆಚ್ಚು ಬಣಗುಡುವುದು.

ಹೀಗೆ ಒಂದು ವರ್ಷ ಕಳೆಯುತ್ತ ಬಂದಾಗ ಅಂದಾನಪ್ಪನ ಮಗ ರವೀಂದ್ರ ಮನೆಗೆ ಬಂದ. ಅಪ್ಪನ ಅಂಗಡಿಯನ್ನು ಈಗ ಅವನೇ ನಡೆಸುತ್ತಿದ್ದ. ಒಳ್ಳೆಯವನು, ಕೆಲಸವಂತ, ಸದಾ ಅವಸರದಲ್ಲಿರುವವನು. ಕಟ್ಟೆಯಿದ್ದ ಜಾಗದಲ್ಲಿ ತಂಪು ಪಾನೀಯದ ಕಪಾಟು ನಿಲ್ಲಿಸಿದ್ದ.

"ಕಾಕಾ, ಮುಂದಿನ ಐತವಾರ ಅಪ್ಪಾರ ವರ್ಷದ ಪುಣ್ಯಸ್ಮರಣೆ ಐತ್ರಿ. ಊಟಕ್ಕಷ್ಟೇ ಕರದ್ರ ಅಪ್ಪಾರ ಆತ್ಮಕ್ಕ ಏನು ಖುಷಿ? ತಾಳಮದ್ದಳೆ ಇಡ್ಸೇನಿ. ಪ್ರಸಂಗ ಯಾವ್ದು ಗೊತ್ತೇನ್ರಿ?" ಎಂದು ಒಂದು ಕ್ಷಣ ತಡೆದು, ಮಕ್ಕಳು ಉಡುಗೊರೆ ಬಿಚ್ಚಿ ತೋರಿಸುವಂತೆ ಹೇಳಿದ: "ಅಲಿ-ಲೂಯಿಸರ ಕಾಳಗ. ಭಾಗವತರು ಪದಾನೂ ಕಟ್ಯಾರ. ಅಲಿಗೆ ಮಂಚಿಕೇರಿಯ ಕಿರಣ ಹೆಗಡೇರು ಒಪ್ಯಾರ. ಲೂಯಿಸ್ ಮಾತ್ರ ನೀವ ಆಗ್ಬೇಕ್ರಿ."

 ತನಗಿಲ್ಲದ ವಿಧಿಯೊಂದನ್ನು ಈ ಹುಡುಗ ಎತ್ತಿ ಕೊಟ್ಟಂತೆ ರಸೂಲನಿಗೆ ಅನಿಸಿತು. ಒಪ್ಪಿದ. ರವೀಂದ್ರ ಹೊಸ್ತಿಲು ದಾಟುತ್ತ, ಮರೆತಿದ್ದನ್ನು ನೆನಪಿಸಿಕೊಂಡವನಂತೆ ತಿರುಗಿದ.

"ಮತ್ತ ಕಾಕಾ, ಕೊನೀಗೆ ಅಲಿ ಗೆಲ್ಬೇಕ್ರಿ. ಅಪ್ಪಾರ ನೆನಪಿನ ಕಾರ್ಯಕ್ರಮ. ಅಪ್ಪಾರು ಸೋಲೂದು ಬ್ಯಾಡ."

ರಸೂಲ್ 'ಹ್ಞೂಂ' ಎಂದ.  ಅಂದಾನಪ್ಪನಿಗೆ ಸೋಲುವುದಕ್ಕೆ ಅವನಿಗೆ ಯಾವ ಅಡ್ಡಿಯೂ ಇರಲಿಲ್ಲ. ಅವನ ಹೆದರಿಕೆ ಬೇರೆ. ತೀರ್ಪು ಇಲ್ಲದ್ದರಿಂದಲೇ ತಾನೇ ಆ ಧ್ವನಿ ದಿನವೂ ಬಂದು ಕೆಣಕುತ್ತಿದ್ದದ್ದು? ಮುಗಿಯದ ಕಾಳಗಕ್ಕಾಗಿ ಬರುತ್ತಿದ್ದವನು, ಮುಗಿದ ಮೇಲೆ ಯಾತಕ್ಕೆ ಬಂದಾನು?

ಮರುದಿನ ಅವನು ಯಲ್ಲಾಪುರದ ಬಸ್ಸು ಹಿಡಿದು ಮಂಚಿಕೇರಿಯಲ್ಲಿ ಇಳಿದ. ಕಿರಣ ಹೆಗಡೆ ಅಲ್ಲಿಯ ಸೊಸೈಟಿಯಲ್ಲಿ ಗುಮಾಸ್ತ. ವಯಸ್ಸು ಚಿಕ್ಕದಾದರೂ ಅರ್ಥಗಾರಿಕೆಯಲ್ಲಿ ಹೆಸರು ಮಾಡಿದವನು. ರಸೂಲನನ್ನು ಕಂಡೊಡನೆ ಎದ್ದು ಬಂದು, ಕುರ್ಚಿ ಹಾಕಿ, ನೀರು ಬೆಲ್ಲ ತರಿಸಿದ.

"ಸಾಹೇಬ್ರೆ, ನೀವು ಬಂದದ್ದು ಒಳ್ಳೇದಾಯ್ತು. ಅಲಿಯ ಕುಸ್ತಿ ಎಲ್ಲಾ ಮೊಬೈಲಲ್ಲಿ ನೋಡಿ ಮುಗಿಸಿದ್ದೆ."

"ಕುಸ್ತಿ ಅಲ್ಲ, ಬಾಕ್ಸಿಂಗ್."

"ಅದೇ ಅದೇ. ಎಂತಾ ಮಾತುಗಾರ ಮಾರಾಯ್ರೆ ಆ ಮನುಷ್ಯ! ನಮ್ಮ ಕಡೆ ಹುಟ್ಟಿದ್ರೆ ದೊಡ್ಡ ಅರ್ಥಧಾರಿ ಆಗ್ತಿದ್ದ."

ರಸೂಲ್ ನೀರು ಕುಡಿದು, ಲೋಟವನ್ನು ಕೆಳಗಿಟ್ಟು, ತಾನು ಬಂದ ಕೆಲಸವನ್ನು ಮೆಲ್ಲನೆ ಹೊರತೆಗೆದ. "ಒಂದು ಕೇಳ್ಬೇಕಿತ್ತು. ಯಾರೂ ಸೋಲದ ಹಾಗೆ ನಿಲ್ಲಿಸ್ಲಿಕ್ಕೆ ಬರೂದಿಲ್ವಾ?"

"ಯಾರೂ ಸೋಲದೆ ಪ್ರಸಂಗ ಮುಗಿಯೂದು ಹೇಗೆ?"

"ಮುಗೀದೇ ಇದ್ರೆ?"

ಕಿರಣ ನಕ್ಕ. ಹಾಸ್ಯವೆಂದೇ ಭಾವಿಸಿದ ನಗೆ ಅದು. "ಭಾಗವತ್ರು ಮಂಗಳ ಹಾಡೂದು ಯಾವಾಗ ಹಾಗಾದ್ರೆ? ಸಭೆ ಊಟಕ್ಕೆ ಏಳೂದು ಯಾವಾಗ? ಪುರಾಣದಲ್ಲಿ ಸಮಬಲದವ್ರು ಕಾದಿದ್ರೆ ಈಶ್ವರ ಪ್ರತ್ಯಕ್ಷ ಆಗಿ ಬಿಡಿಸ್ತಾನೆ. ಬಾಕ್ಸಿಂಗ್ ಆಡೂ ಜಾಗಕ್ಕೆ ಈಶ್ವರನ್ನ ಎಲ್ಲಿಂದ ತರೂದು ಹೇಳಿ?" ಆಮೇಲೆ ರಸೂಲನ ಮುಖ ನೋಡಿ ಧ್ವನಿ ತಗ್ಗಿಸಿದ. "ಸೋಲೂ ಪಾತ್ರವೇ ದೊಡ್ಡದು ಸಾಹೇಬ್ರೆ. ಸೋಲೂದು ಎಲ್ಲರಿಗೆ ಬರೂದಿಲ್ಲೆ. ನೀವು ಚೆಂದ ಸೋತ್ರೆ ಜನ ನಿಮ್ಮನ್ನೇ ನೆನಪಿಟ್ಕೊಳ್ತ್ರು."

ಆ ಹುಡುಗನಿಗೆ ಹೇಗೆ ತಿಳಿಸಿ ಹೇಳುವುದು? ಹೇಳಿದರೆ ಹುಚ್ಚೆಂದಾನು. ಹಿಂದಿರುಗುವ ಬಸ್ಸಿನಲ್ಲಿ ರಸೂಲ್ ಕಿಟಕಿಯ ಪಕ್ಕ ಕುಳಿತ. ಸೋಂದಾ ಕ್ರಾಸು ದಾಟುವಾಗ ಅಂದಾನಪ್ಪ ಬಂದ. "ಏನಲೇ, ನನ್ನ ಪಾರ್ಟಿಗೆ ಬ್ಯಾರೆ ಹುಡುಗನ್ನ ಹುಡುಕಿ ಬಂದಿ?" ಎಂದ. ರಸೂಲ್ ಕಿಟಕಿಯ ಹೊರಗೆ ಮುಖ ತಿರುಗಿಸಿದ. ಅಂದು ಮೊದಲ ಸಲ ಅವನು ಗೆಳೆಯನೆದುರು ಮಾತು ತಪ್ಪಿಸಿದ.

ಐತವಾರದ ಮಧ್ಯಾಹ್ನ ಸಭಾಭವನ ತುಂಬಿತ್ತು. ಬಾಕ್ಸಿಂಗಿನ ತಾಳಮದ್ದಳೆಯೆಂಬ ಸುದ್ದಿಗೆ ಸಿದ್ದಾಪುರದಿಂದಲೂ ಬೈಕು ಹೊಡೆದುಕೊಂಡು ಬಂದವರಿದ್ದರು. ವೇದಿಕೆಯ ಮುಂದುಗಡೆ, ಸಭೆಗೆ ಮುಖ ಮಾಡಿ, ಅಂದಾನಪ್ಪನ ಭಾವಚಿತ್ರಕ್ಕೆ ವಿಭೂತಿ ಬಳಿದು ಮಾಲೆ ಹಾಕಿ ಇಟ್ಟಿದ್ದರು. ಜನರೆಲ್ಲರಿಗೂ ಅಂದಾನಪ್ಪನ ನಗುಮುಖ ಕಾಣುತ್ತಿತ್ತು. ಅರ್ಥಧಾರಿಗಳ ಸಾಲಿನಲ್ಲಿ ಕುಳಿತ ರಸೂಲನಿಗೆ ಕಂಡದ್ದು ಚೌಕಟ್ಟಿನ ಬೆನ್ನಿನ ರಟ್ಟು ಮತ್ತು ಮೊಳೆ.

ಚೆಂಡೆ ಮದ್ದಳೆಗಳ ಪೆಟ್ಟು ಮುಗಿದು ಭಾಗವತರು ಏರುಧ್ವನಿಯಲ್ಲಿ ಎತ್ತಿದರು:

ಕೇಳೆಲೋ ಲೂಯಿಸನೆ, ನಿನ್ನಯ
ತೋಳ ಬಲವೆನಗೇನು ಗಣನೆ?
ಗಾಳಿಯಂದದಿ ಸುಳಿದು ನಿನ್ನನು
ಹೂಳುವೆನು ನಾನೀ ಕಣದಲಿ!

ಸಭೆ ಹೋ ಎಂದಿತು. ಕಿರಣ ಹೆಗಡೆ ಆ ಪದಕ್ಕೆ ಅರ್ಥ ಹೇಳತೊಡಗಿದನೆಂದರೆ, ಮಾತಲ್ಲ, ಅದು ಜಲಪಾತ. "ಎಲೈ ಗತಕಾಲದ ವೀರನೇ! ಕಪ್ಪುಬಿಳುಪಿನ ಚಿತ್ರದೊಳಗೆ ಮಂದಗತಿಯಿಂದ ಚಲಿಸುವ ನಿನ್ನ ಪಾದಗಳೆಲ್ಲಿ, ಮಿಂಚಿಗೂ ನಾಚಿಕೆ ತರಿಸುವ ನನ್ನ ಪಾದಗಳೆಲ್ಲಿ? ನಿನ್ನ ಮುಷ್ಟಿ ಹೊರಟು ತಲುಪುವುದರೊಳಗೆ ನಾನು ಸಭಿಕರೊಡನೆ ಕುಶಲವನ್ನು ಕೇಳಿ ಮರಳಿರುತ್ತೇನೆ!" ಚಪ್ಪಾಳೆ, ಸಿಳ್ಳು. ಮಾಳಿಗೆಯ ಮೇಲಿದ್ದವರು ಬಗ್ಗಿ ನೋಡಿದರು.

ರಸೂಲ್ ಗಂಟಲು ಸರಿಪಡಿಸಿಕೊಂಡ. ಅವನಿಗೆ ಆ ಭಾಷೆ ಬಾರದು. ಕಟ್ಟೆಯ ಮೇಲೆ ಹೇಗೋ ಹಾಗೆಯೇ ಹೇಳಿದ:

"ಅಲಿ, ನಿನಗಿಂತ ಮೊದಲು ನನ್ನನ್ನು ಕುಣಿಸಿದವನು ಒಬ್ಬನಿದ್ದ. ಬಿಲ್ಲಿ ಕಾನ್ ಅಂತ ಹೆಸರು. ನನಗಿಂತ ಹಗುರ, ನನಗಿಂತ ಚುರುಕು. ಹನ್ನೆರಡು ಸುತ್ತು ನನ್ನ ಕೈಗೆ ಸಿಗಲಿಲ್ಲ. ಜನ ಎಲ್ಲಾ ಹೇಳಿದರು, ಲೂಯಿಸ್ ಮುಗಿದ ಅಂತ. ನಾನು ಏನೂ ಹೇಳಲಿಲ್ಲ. ಹದಿಮೂರನೇ ಸುತ್ತಿನಲ್ಲಿ ಅವನು ಮಲಗಿದ."

 ಅದುವರೆಗೆ ನಗುತ್ತಿದ್ದವರ ಮುಖಗಳು ಗಂಭೀರವಾದವು. ರಸೂಲ್ ಅಲ್ಲಿಗೆ ನಿಲ್ಲಿಸಿ, ತಲೆ ಸ್ವಲ್ಪ ಓರೆ ಮಾಡಿ ಕಾದ. ಈ ಮಾತಿನ ಮುಂದೆ ಒಂದು ಎಡೆ ಬಿಡುವುದು ಅವನಿಗೆ ರೂಢಿ. ಆ ಎಡೆಯಲ್ಲಿ ಪ್ರತಿ ಸಲವೂ ಅಂದಾನಪ್ಪ ತೊಡೆ ತಟ್ಟಿ, "ಅಂವ ತಾನಾಗಿ ನಿನ್ನ ಹತ್ರ ಬಂದ, ಹುಚ್ಚಪ್ಪ. ಗೆಲ್ಲಾಕತ್ತಿದ್ದಂವ, ಆಸೆಬಿದ್ದು ಕೆಡವಾಕ ಬಂದ. ನಾ ಬರಾಂಗಿಲ್ಲ!" ಎನ್ನುತ್ತಿದ್ದ. ಅಷ್ಟು ಹೇಳಿದ ಮೇಲೆ ರಸೂಲ್ ಏಳಬೇಕು, ಕಣದ ಸುತ್ತ ಕಟ್ಟಿದ ಹಗ್ಗದ ಮಾತು ತೆಗೆಯಬೇಕು. ಹಾಗೆ ಕಾಳಗ ಬಿಸಿಯೇರಬೇಕು.

ಕಿರಣನಿಗೆ ಬಿಲ್ಲಿ ಕಾನ್ ಗೊತ್ತಿರಲಿಲ್ಲ. ಅವನು ಜಾಣ, ತಡವರಿಸದೆ ದಾರಿ ಬದಲಿಸಿದ. ಯುದ್ಧಕ್ಕೆ ಹೋಗೆನೆಂದು ನಿಂತು ಪಟ್ಟವನ್ನೇ ಕಳೆದುಕೊಂಡ ಅಲಿಯ ಛಲವನ್ನು ಎತ್ತಿದ, ಧರ್ಮ ಯಾವುದು ಅಧರ್ಮ ಯಾವುದೆಂದು ವಿವರಿಸಿದ. ಸೊಗಸಾಗಿಯೇ ಇತ್ತು. ಆದರೆ ರಸೂಲ್ ಎಸೆದ ಏಟು ತಾಗಬೇಕಾದ ಜಾಗದಲ್ಲಿ ಯಾರೂ ಇರಲಿಲ್ಲ. ಅವನ ಕೈ ಗಾಳಿಯಲ್ಲಿ ಹಾಗೆಯೇ ಉಳಿಯಿತು.

ಮುಂದೆ ರಸೂಲ್ ಆಡಿದ್ದಕ್ಕೆಲ್ಲ ಸಭೆ ತಲೆದೂಗುತ್ತ ಹೋಯಿತು. ಸಣ್ಣ ಸಣ್ಣ ಮಾತು. ಆದರೆ ಒಂದೊಂದೂ ನೆಟ್ಟಗೆ ಬಂದು ಕೂರುವಂಥದು. "ಸಾಬ್ರು ಹೊಡೆದ್ರು ನೋಡು" ಎಂದು ಮುಂದಿನ ಸಾಲಿನ ಮುದುಕರೊಬ್ಬರು ತೊಡೆ ತಟ್ಟಿದರು. ಕಿರಣನ ಹಣೆಯ ಮೇಲೆ ಬೆವರು ಮೂಡಿತು. ಲೂಯಿಸ್ ಗೆಲ್ಲುತ್ತಿದ್ದ. ನಾಲ್ಕು ದಶಕಗಳಲ್ಲಿ ಒಮ್ಮೆಯೂ ಇಷ್ಟು ಸುಲಭವಾಗಿ ಗೆದ್ದವನಲ್ಲ, ಗೆಲುವು ಇಷ್ಟು ಸಪ್ಪೆಯಾಗಿರುತ್ತದೆಂದು ಎಣಿಸಿದವನೂ ಅಲ್ಲ. ರವೀಂದ್ರ ವೇದಿಕೆಯ ಅಂಚಿನಲ್ಲಿ ನಿಂತು ಚಡಪಡಿಸುತ್ತಿದ್ದ. ಭಾಗವತರು ಕೊನೆಯ ಪದಕ್ಕೆ ಶ್ರುತಿ ಹಿಡಿದರು. ಕಿರಣ ರಸೂಲನ ಕಡೆ ನೋಡಿದ. ಇನ್ನು ಸಾಕು, ಸೋಲಿ ಎಂಬ ನೋಟ.

ರಸೂಲ್ ಚೌಕಟ್ಟಿನ ಬೆನ್ನನ್ನು ನೋಡಿದ. ಆ ರಟ್ಟಿಗೆ ಹೇಳುವವನಂತೆ ಮಾತು ತೆಗೆದ.

"ಅಲಿ, ನೀನು ಹೇಳಬೇಕಾಗಿದ್ದ ಮಾತೊಂದು ಉಳಿದುಹೋಯಿತು. ನಾನೇ ಹೇಳುತ್ತೇನೆ. ಬಿಲ್ಲಿ ಕಾನನನ್ನು ನಾನು ಹಿಡಿಯಲಿಲ್ಲ. ಅವನು ತಾನಾಗಿ ನನ್ನ ಹತ್ತಿರ ಬಂದ. ಆಸೆಬಿದ್ದು ಬಂದ. ನೀನು ಬರುವವನಲ್ಲ. ನೀನು ಬಾರದಿದ್ದರೆ ನನ್ನ ಕೈಗೆ ಕೆಲಸವಿಲ್ಲ." ಇದಕ್ಕೆ ಕೊಡಬಹುದಾದ ಉತ್ತರಗಳು, ವರ್ಷಗಟ್ಟಲೆ ತೀಡಿ ತೀಡಿ ಹೊಳಪು ಬಂದಂಥವು, ಒಂದರ ಹಿಂದೊಂದು ಅವನ ಗಂಟಲಿಗೆ ಬಂದವು. ರಸೂಲ್ ಅವನ್ನೆಲ್ಲ ನುಂಗಿದ. "ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ಸೋತೆ."

ಸಭೆ ಎದ್ದು ನಿಂತಿತು. ಎಷ್ಟು ಹೊತ್ತು ಚಪ್ಪಾಳೆಯಾಯಿತೋ! ಕಿರಣ ಹೆಗಡೆ ಕೂತಲ್ಲಿಂದ ಬಗ್ಗಿ ಅವನ ಕೈಯನ್ನು ಹಣೆಗೊತ್ತಿಕೊಂಡ. ರವೀಂದ್ರ ಶಾಲು ಹೊದಿಸಿ, ಕಣ್ಣೊರೆಸಿಕೊಂಡು, "ಅಪ್ಪಾರು ಗೆದ್ರು ಕಾಕಾ. ನೀವು ಗೆಲ್ಸಿದ್ರಿ" ಎಂದ. ಊಟಕ್ಕೆ ಹೋಳಿಗೆಯಿತ್ತು. ಜನ ಬಂದು ಬಂದು ಅವನ ಎಲೆಯ ಮುಂದೆ ನಿಂತು ಹೊಗಳಿದರು.

"ಯಾರು ಗೆದ್ದರು?" ಎಂದಳು ಮನೆಯಲ್ಲಿ ಜೊಹರಾ, ಅವನು ತಂದ ಶಾಲನ್ನು ಮಡಿಸುತ್ತ.

"ಅಲಿ."

"ಅಬ್ಬಾ, ಅಂತೂ ಮುಗಿಯಿತಲ್ಲ. ಇನ್ನಾದರೂ ಮನೆಯಲ್ಲಿ ನೆಮ್ಮದಿಯಾಗಿರಿ."

ಮರುದಿನ ಬೆಳಗ್ಗೆ ರಸೂಲ್ ಕನ್ನಡಿಯ ಮುಂದೆ ಕುಳಿತು ಕೆನ್ನೆಗೆ ಸಾಬೂನು ಹಚ್ಚಿದ. ಹಚ್ಚಿ, ಕಾದ. ಯಾರೂ ಬರಲಿಲ್ಲ. ತಾನೇ ಮೊದಲು ಮಾಡೋಣವೆಂದು, "ಎಡಗೈ ಇಳಿಸಿದ್ದೇನೆ ನೋಡು" ಎಂದು ಮನಸ್ಸಿನಲ್ಲೇ ಕೆಣಕಿದ. ನೊರೆ ಕೆನ್ನೆಯ ಮೇಲೆ ಒಣಗಿ ಬಿಗಿಯತೊಡಗಿತು. ಆಮೇಲಿನ ದಿನಗಳಲ್ಲಿ ಮೀನುಪೇಟೆಯ ತಿರುವಿನಲ್ಲಿ ನಿಂತು ನೋಡಿದ. ಮಂಚಿಕೇರಿಯ ಬಸ್ಸನ್ನು ವಿನಾಕಾರಣ ಹತ್ತಿ, ಸೋಂದಾ ಕ್ರಾಸಿನ ತನಕ ಹೋಗಿ ಬಂದ. ಬೇರೆ ಜೋಡಿಗಳನ್ನೂ ಕಟ್ಟಿ ನೋಡಿದ: ಒಮ್ಮೆಯೂ ಸೋಲದೆ ನಿವೃತ್ತನಾದ ಮಾರ್ಸಿಯಾನೋಗೆ ಇಪ್ಪತ್ತರ ಹರೆಯದಲ್ಲೇ ಪಟ್ಟ ಗೆದ್ದ ಟೈಸನ್ನನ್ನು ಎದುರು ನಿಲ್ಲಿಸಿದ. ಇಬ್ಬರೂ ಬೊಂಬೆಗಳಂತೆ ನಿಂತರೇ ಹೊರತು ಬಾಯಿಬಿಡಲಿಲ್ಲ. ಸಾವು ಕಳೆದ ಕಾರ್ತಿಕದಲ್ಲೇ ಬಂದಿತ್ತು. ಅಂದಾನಪ್ಪ ಇಲ್ಲವಾದದ್ದು ಮಾತ್ರ ಈಗ.

ತಡೆಯಲಾರದೆ ಒಂದು ಸಂಜೆ ಅಂಗಡಿಗೆ ಹೋದ. ರವೀಂದ್ರ ಗಿರಾಕಿಗಳ ನಡುವೆಯೇ ಅವನಿಗೊಂದು ಪ್ಲಾಸ್ಟಿಕ್ ಸ್ಟೂಲು ಕೊಟ್ಟ.

"ಕಾಕಾ, ನೀವು ಭಾರೀ ಫೇಮಸ್ ಆಗೀರಿ! ತಾಳಮದ್ದಳೆದು ವಿಡಿಯೋ ಹಾಕೇವಿ. ಎಷ್ಟು ಮಂದಿ ನೋಡ್ಯಾರ, ಎಷ್ಟು ಮಂದಿ ಬರ್ದಾರ ನೋಡ್ರಿ" ಎಂದು ಮೊಬೈಲನ್ನು ಅವನ ಕೈಗಿಟ್ಟು, ಶೇಂಗಾ ತೂಗತೊಡಗಿದ.

ಕೆಳಗೆ ಬರೆದಿದ್ದ ಮಾತುಗಳನ್ನು ರಸೂಲ್ ಕನ್ನಡಕ ಸರಿಸಿ ಸರಿಸಿ ಓದಿದ. ಹೆಚ್ಚಿನವು ಹೊಗಳಿಕೆ. ನಡುವೆ ಒಂದು, ಹೆಸರೂ ಇಲ್ಲದ, ಮುಖದ ಬದಲಿಗೆ ಹೂವಿನ ಚಿತ್ರ ಹಾಕಿಕೊಂಡ ಯಾರೋ ಬರೆದದ್ದು: 'ಈ ಅಜ್ಜ ಬೇಕಂತಲೇ ಸೋತಿದ್ದಾರೆ. ಅಲಿ ಹತ್ತಿರ ಬರದಿದ್ದರೆ ಏನಂತೆ? ಲೂಯಿಸ್ ಒತ್ತುತ್ತ ಒತ್ತುತ್ತ ಅವನನ್ನು ಹಗ್ಗಕ್ಕೆ ಸಿಕ್ಕಿಸುತ್ತಿದ್ದ. ಹಗ್ಗಕ್ಕೆ ಸಿಕ್ಕಿದ ಮೇಲೆ ಓಡುವುದೆಲ್ಲಿಗೆ? ನಿಜವಾಗಿ ಗೆಲ್ಲುವವನು ಲೂಯಿಸನೇ.'

ಅಂದು ವೇದಿಕೆಯ ಮೇಲೆ ರಸೂಲ್ ನುಂಗಿದ್ದ ಉತ್ತರವೇ ಅದು, ಅಕ್ಷರಶಃ. ಯಾವ ಊರಿನವರೋ, ಯಾರೋ, ಲೂಯಿಸನ ಪಕ್ಷ ಹಿಡಿದಿದ್ದರು. ರಸೂಲನಿಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. ತಾನು ಗೆಳೆಯನಿಗೆ ಕೊಟ್ಟು ಬಂದದ್ದನ್ನು ಯಾರೋ ಕಸಿಯಲು ಕೈ ಹಾಕಿದಂತೆ ಅವನ ಕಿವಿಗಳು ಬಿಸಿಯಾದವು. ಸ್ಟೂಲಿನಿಂದ ಅರ್ಧ ಎದ್ದು, ತೊಡೆ ತಟ್ಟಿ, ಮೊಬೈಲಿಗೇ ಹೇಳಿದ:

"ಹಗ್ಗಕ್ಕ ಸಿಗಿಸ್ತೀಯೇನಲೇ? ಹಗ್ಗ ಅಂದ್ರ ನನಗ ಹಾಸಿಗಿ ಇದ್ದಂಗ! ಫೋರ್‌ಮನ್ ಅನ್ನೋ ಗೂಳಿ ನನ್ನ ಹಗ್ಗಕ್ಕ ಒತ್ತಿ ಗುದ್ದಿ ಗುದ್ದಿ ಸುಸ್ತಾಗಿ ತಾನ ಬಿದ್ದ. ನೀ ಯಾವ ಲೆಕ್ಕ ಲೂಯಿಸ? ಬಾ, ಒತ್ತು ಬಾ!"

ಅದು ಅಂದಾನಪ್ಪನ ಮಾತು. ಧಾಟಿಯೂ ಅವನದೇ, ಬಯಲುಸೀಮೆಯ ಗತ್ತಿನ ಒಂದು ಕೂದಲೆಳೆಯೂ ಕೊಂಕಿರಲಿಲ್ಲ. ಶೇಂಗಾ ಕೊಳ್ಳಲು ಬಂದಿದ್ದ ಹೆಂಗಸು ಬೆಚ್ಚಿ ಹಿಂದೆ ಸರಿದಳು. "ಹೌದ್ರಿ ಕಾಕಾ, ಹೌದ್ರಿ" ಎಂದ ರವೀಂದ್ರ ತಲೆಯೆತ್ತದೆ, ಪೊಟ್ಟಣದ ಬಾಯಿ ಮಡಿಸುತ್ತ.

ರಸೂಲ್ ಮತ್ತೆ ಕುಳಿತ.  ಇದಕ್ಕೆ ಲೂಯಿಸ್ ಏನು ಹೇಳುತ್ತಾನೆಂದು ತಲೆ ಓರೆ ಮಾಡಿ ಕಾದ. ಆ ಉತ್ತರ ಅವನಿಗೆ ಗೊತ್ತಿದ್ದದ್ದೇ. ನೂರು ಸಲ ಇದೇ ಅಂಗಡಿಯ ಕಟ್ಟೆಯ ಮೇಲೆ ಕುಳಿತು ಕೊಟ್ಟಿದ್ದ. ಆದರೆ ಸೋತೆನೆಂದು ನಾಲ್ಕು ಜನರೆದುರು ಒಪ್ಪಿದ ಲೂಯಿಸ್ ಬಾಯಿ ತೆರೆಯಲಿಲ್ಲ. ಗಿರಾಕಿಗಳು ಬಂದರು, ಹೋದರು. ದೀಪ ಹಚ್ಚುವ ಹೊತ್ತಾಯಿತು. ರಸೂಲ್ ಮೊಬೈಲನ್ನು ಗಲ್ಲೆಯ ಮೇಲಿಟ್ಟು, ಅಲಿಯ ಪಕ್ಷದಲ್ಲಿ ಇನ್ನೊಂದು ಮಾತನ್ನು, ಈ ಸಲ ಸ್ವಲ್ಪ ಮೆತ್ತಗೆ, ಆಡಿದ.